ಪರಮವೀರ ಚಕ್ರ ಪುರಸ್ಕೃತ ಮೇಜರ್ ರಾಮ ರಾಘೋಬ ರಾಣೆ (1918–1994)

ಭಾರತೀಯ ಭೂಸೇನೆಯ ಇತಿಹಾಸದಲ್ಲಿ ಕರ್ನಾಟಕದ ಕರಾವಳಿಯ ಹೆಸರನ್ನು ಶಾಶ್ವತವಾಗಿ ಬರೆಸಿದವರಲ್ಲಿ ಮೇಜರ್ ರಾಮ ರಾಘೋಬ ರಾಣೆ ಅವರು ಅಗ್ರಗಣ್ಯರು. 1947–48ರ ಜಮ್ಮು ಮತ್ತು ಕಾಶ್ಮೀರ ಕಾರ್ಯಾಚರಣೆಯ ಸಂದರ್ಭದಲ್ಲಿ, ನೌಶೇರಾ–ರಜೌರಿ ಮಾರ್ಗದಲ್ಲಿ ಶತ್ರುಗಳು ಹೂಳಿದ್ದ ನೆಲಬಾಂಬುಗಳನ್ನೂ ಒಡ್ಡಿದ್ದ ತಡೆಗಳನ್ನೂ ತೆರವುಗೊಳಿಸಿ, ಪದಾತಿದಳಕ್ಕೂ ಟ್ಯಾಂಕ್ ಪಡೆಗೂ ದಾರಿ ಮಾಡಿಕೊಟ್ಟದ್ದಕ್ಕಾಗಿ ಅವರಿಗೆ ದೇಶದ ಅತ್ಯುನ್ನತ ಯುದ್ಧಶೌರ್ಯ ಪದಕವಾದ ಪರಮವೀರ ಚಕ್ರವನ್ನು ನೀಡಲಾಯಿತು. ಸಾರ್ವಜನಿಕರ ಹಾಗೂ ವಿದ್ಯಾರ್ಥಿಗಳ ಮಾಹಿತಿಗಾಗಿ ಅವರ ಜೀವನ ಮತ್ತು ಯುದ್ಧಕಾಲದ ಸೇವೆಯ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ಬಾಲ್ಯ

ರಾಮ ರಾಘೋಬ ರಾಣೆ ಅವರು 1918ರ ಜೂನ್ 26ರಂದು ಜನಿಸಿದರು. ಕಾರವಾರದ ಸಮೀಪದ ಚೆಂಡಿಯಾ ಅವರ ಸ್ವಗ್ರಾಮ. ಆ ಕಾಲದಲ್ಲಿ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಜಿಲ್ಲೆಯು ವಿಶಾಲ ಮೈಸೂರು ರಾಜ್ಯದ ಭಾಗವಾಯಿತು.

ತಂದೆ ರಾಘೋಬ ರಾಣೆ ಅವರು ಪೊಲೀಸ್ ಇಲಾಖೆಯಲ್ಲಿ ಪೇದೆಯಾಗಿದ್ದರು. ಅವರಿಗೆ ಆಗಾಗ್ಗೆ ವರ್ಗಾವಣೆಯಾಗುತ್ತಿದ್ದುದರಿಂದ ಬಾಲಕನ ವಿದ್ಯಾಭ್ಯಾಸವು ಒಂದೇ ಊರಿನಲ್ಲಿ ನಡೆಯಲಿಲ್ಲ. ತಂದೆಯು ಹೋದಲ್ಲಿನ ಶಾಲೆಗಳಲ್ಲಿಯೇ ಓದು ಸಾಗಿತು. 1930ರ ವೇಳೆಗೆ ದೇಶದಾದ್ಯಂತ ವಿದೇಶಿ ಆಡಳಿತದ ವಿರುದ್ಧ ಚಳವಳಿಯು ತೀವ್ರಗೊಂಡಿತ್ತು. ಹನ್ನೆರಡು ವರ್ಷದ ಬಾಲಕನ ಮನಸ್ಸು ಆ ಕಡೆಗೆ ಸೆಳೆಯಲ್ಪಟ್ಟಿತು. ಸರ್ಕಾರಿ ನೌಕರರಾಗಿದ್ದ ತಂದೆಗೆ ಇದು ಆತಂಕವನ್ನುಂಟುಮಾಡಿತು. ಅವರು ಕುಟುಂಬವನ್ನು ಚೆಂಡಿಯಾ ಗ್ರಾಮಕ್ಕೆ ಮರಳಿ ಕರೆತಂದರು. ಆದರೆ ಅದೇ ವರ್ಷ ಅದೇ ಜಿಲ್ಲೆಯ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವು ನಡೆಯಿತೆಂಬುದನ್ನು ಗಮನಿಸಿದರೆ, ಚಳವಳಿಯ ಗಾಳಿಯಿಂದ ದೂರವಿರಬಹುದಾದ ಊರು ಆ ಭಾಗದಲ್ಲಿ ಇರಲಿಲ್ಲವೆಂದೇ ಹೇಳಬೇಕು.

ಸೇನೆಗೆ ಸೇರ್ಪಡೆ

ಎರಡನೆಯ ಮಹಾಯುದ್ಧವು 1939ರಲ್ಲಿ ಆರಂಭವಾಯಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, 1940ರ ಜುಲೈ 10ರಂದು, ರಾಣೆ ಅವರು ಬಾಂಬೆ ಎಂಜಿನಿಯರ್ಸ್ ಪಡೆಗೆ ಸಾಮಾನ್ಯ ಸೈನಿಕರಾಗಿ ಸೇರಿದರು. ಬಾಂಬೆ ಸ್ಯಾಪರ್ಸ್ ಎಂದೂ ಪ್ರಸಿದ್ಧವಾಗಿರುವ ಈ ಪಡೆಯ ಕೇಂದ್ರವು ಪುಣೆ ಸಮೀಪದ ಖಡಕಿಯಲ್ಲಿದೆ. ತರಬೇತಿಯ ಅವಧಿಯಲ್ಲಿ ಅವರು ತಮ್ಮ ತಂಡದ ಅತ್ಯುತ್ತಮ ಸೈನಿಕರೆಂದು ಆಯ್ಕೆಯಾಗಿ, ಕಮಾಂಡೆಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು.

ಸ್ಯಾಪರ್‌ಗಳ ಕರ್ತವ್ಯವೇನೆಂಬುದನ್ನು ಇಲ್ಲಿ ತಿಳಿಸುವುದು ಸೂಕ್ತ. ಪದಾತಿದಳವು ಮುನ್ನುಗ್ಗುವಾಗ ರಸ್ತೆ, ಸೇತುವೆ ಮತ್ತು ಬಳಸುದಾರಿಗಳನ್ನು ನಿರ್ಮಿಸುವುದು, ಶತ್ರುಗಳು ಹೂತಿಟ್ಟ ನೆಲಬಾಂಬುಗಳನ್ನು ಹುಡುಕಿ ನಿಷ್ಕ್ರಿಯಗೊಳಿಸುವುದು, ಸೇನೆಯು ಹಿಂದೆ ಸರಿಯಬೇಕಾದಾಗ ಶತ್ರುವಿಗೆ ಉಪಯೋಗವಾಗಬಹುದಾದ ಸಾಮಗ್ರಿಗಳನ್ನು ನಾಶಪಡಿಸುವುದು ಇವರ ಕೆಲಸ. ಮುನ್ನಡೆಯುವಾಗ ಎಲ್ಲರಿಗಿಂತ ಮುಂದೆ, ಹಿಮ್ಮೆಟ್ಟುವಾಗ ಎಲ್ಲರಿಗಿಂತ ಹಿಂದೆ ಇರಬೇಕಾದ ಪಡೆ ಇದು. ಗುಂಡು ಹಾರಿಬರುತ್ತಿರುವಾಗ ಕೈಯಲ್ಲಿ ಬಂದೂಕಿನ ಬದಲು ಸಲಿಕೆಯನ್ನೋ ಸ್ಫೋಟಕವನ್ನೋ ಹಿಡಿದು ನಿಲ್ಲಬೇಕಾದುದು ಇವರ ಪಾಲಿಗೆ ಬಂದ ಕರ್ತವ್ಯ. ರಾಣೆ ಅವರು ತಮ್ಮ ಸೇವಾವಧಿಯಲ್ಲಿ ಈ ಎರಡೂ ಬಗೆಯ ಪರೀಕ್ಷೆಗಳನ್ನು ಎದುರಿಸಿದರು.

ಬರ್ಮಾ ರಣರಂಗದಲ್ಲಿ ಸೇವೆ

ತರಬೇತಿಯ ನಂತರ ನಾಯಕ್ ಹುದ್ದೆಗೆ ಬಡ್ತಿ ಹೊಂದಿದ ರಾಣೆ ಅವರನ್ನು 26ನೇ ಪದಾತಿ ಡಿವಿಜನ್ನಿಗೆ ಸೇರಿದ 28ನೇ ಫೀಲ್ಡ್ ಕಂಪನಿಗೆ ನಿಯೋಜಿಸಲಾಯಿತು. ಈ ಡಿವಿಜನ್ ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಜಪಾನಿನ ಸೇನೆಯೊಂದಿಗೆ ಯುದ್ಧದಲ್ಲಿ ತೊಡಗಿತ್ತು. 1943ರಲ್ಲಿ ಸೇನೆಯು ಅರಾಕಾನಿನಿಂದ ಹಿಂದೆ ಸರಿಯಬೇಕಾಗಿ ಬಂದಾಗ, ಬುತಿಡಾಂಗ್ ಎಂಬಲ್ಲಿದ್ದ ಮದ್ದುಗುಂಡಿನ ದಾಸ್ತಾನು ಹಾಗೂ ವಾಹನಗಳು ಜಪಾನೀಯರ ಕೈಸೇರದಂತೆ ನಾಶಪಡಿಸುವ ಹೊಣೆಯನ್ನು ರಾಣೆ ಅವರಿಗೂ ಅವರ ಅಧೀನದ ಸಣ್ಣ ತುಕಡಿಗೂ ವಹಿಸಲಾಯಿತು. ಕಾರ್ಯ ಮುಗಿದ ಬಳಿಕ ನೌಕಾಪಡೆಯ ಹಡಗುಗಳು ಅವರನ್ನು ಕರೆದೊಯ್ಯಬೇಕೆಂಬ ಏರ್ಪಾಡಿತ್ತು.

ಒಪ್ಪಿಸಿದ ಕೆಲಸವನ್ನು ತುಕಡಿಯು ಪೂರ್ಣಗೊಳಿಸಿತು. ಆದರೆ ನಿರೀಕ್ಷಿಸಿದ ಹಡಗುಗಳು ಬರಲಿಲ್ಲ. ಮುಂದೆ ಜಪಾನೀ ಪಹರೆಯಿದ್ದ ನದಿ, ಹಿಂದೆ ಮುನ್ನುಗ್ಗಿ ಬರುತ್ತಿದ್ದ ಶತ್ರುಸೇನೆ. ಇಂತಹ ಸಂದರ್ಭದಲ್ಲಿ ರಾಣೆ ಅವರು ಧೈರ್ಯಗೆಡದೆ, ಶತ್ರುವಿನ ಕಣ್ಣುತಪ್ಪಿಸಿ ತಮ್ಮವರನ್ನು ನದಿ ದಾಟಿಸಿದರು. ಬಾವ್ಲಿ ಬಜಾರ್ ಎಂಬಲ್ಲಿ ಡಿವಿಜನ್ನನ್ನು ಮತ್ತೆ ಸೇರಿಕೊಂಡರು. ಈ ಸಾಹಸ ಮತ್ತು ಸಮಯಪ್ರಜ್ಞೆಗಾಗಿ ಅವರಿಗೆ ಹವಾಲ್ದಾರ್ ಹುದ್ದೆಗೆ ಬಡ್ತಿ ದೊರೆಯಿತು. ನೆರವು ಬಾರದಿದ್ದಾಗಲೂ ಕೈಕೆಳಗಿನವರ ಪ್ರಾಣದ ಹೊಣೆ ತಮ್ಮದೇ ಎಂಬ ತಿಳಿವಳಿಕೆಯು ಅವರಲ್ಲಿ ಅಧಿಕಾರಿಯಾಗುವ ಮೊದಲೇ ಇದ್ದಿತೆಂಬುದಕ್ಕೆ ಈ ಘಟನೆ ಸಾಕ್ಷಿ.

ಸ್ವಾತಂತ್ರ್ಯಾನಂತರ, 1947ರ ಡಿಸೆಂಬರ್ 15ರಂದು ಅವರು ಸೆಕೆಂಡ್ ಲೆಫ್ಟಿನೆಂಟ್ ಆಗಿ ಎಂಜಿನಿಯರ್ಸ್ ಪಡೆಯ ಬಾಂಬೆ ಸ್ಯಾಪರ್ಸ್‌ನಲ್ಲಿ ನೇಮಕಗೊಂಡರು. ಸಾಮಾನ್ಯ ಸೈನಿಕರಾಗಿ ಸೇರಿದ ಪೊಲೀಸ್ ಪೇದೆಯ ಮಗ ಏಳು ವರ್ಷಗಳಲ್ಲಿ ಸ್ವತಂತ್ರ ಭಾರತದ ಸೇನಾಧಿಕಾರಿಯಾದರು.

ಜಮ್ಮು ಮತ್ತು ಕಾಶ್ಮೀರ ಕಾರ್ಯಾಚರಣೆಯ ಹಿನ್ನೆಲೆ

1947ರ ಅಕ್ಟೋಬರ್ 22ರಂದು ಗುಡ್ಡಗಾಡು ದಾಳಿಕೋರರು ಪಾಕಿಸ್ತಾನದ ಕಡೆಯಿಂದ ಕಾಶ್ಮೀರವನ್ನು ಪ್ರವೇಶಿಸಿದರು. ಅಕ್ಟೋಬರ್ 26ರಂದು ಅಲ್ಲಿನ ಮಹಾರಾಜರು ಭಾರತದೊಂದಿಗೆ ವಿಲೀನ ಪತ್ರಕ್ಕೆ ಸಹಿ ಮಾಡಿದರು. ಮರುದಿನವೇ ಭಾರತೀಯ ಸೇನೆಯು ವಿಮಾನಗಳ ಮೂಲಕ ಶ್ರೀನಗರವನ್ನು ತಲುಪಿತು. ಇತ್ತ ಜಮ್ಮುವಿನ ಪಶ್ಚಿಮ ಭಾಗದಲ್ಲಿ ರಜೌರಿ ಪಟ್ಟಣವು ನವೆಂಬರ್ ತಿಂಗಳಿನಲ್ಲಿಯೇ ಶತ್ರುಗಳ ವಶವಾಯಿತು. ಅಲ್ಲಿನ ನಾಗರಿಕರು ಮತ್ತು ಸುತ್ತಮುತ್ತಲಿನ ಗ್ರಾಮಗಳಿಂದ ಆಶ್ರಯ ಕೋರಿ ಬಂದಿದ್ದ ಜನರು ಅಪಾರ ಕಷ್ಟನಷ್ಟಗಳಿಗೆ ಗುರಿಯಾದರು. ಬಹಳಷ್ಟು ಮಂದಿ ಹತರಾದರು.

1947ರ ಡಿಸೆಂಬರ್ 24ರಂದು ಝಂಗರ್ ಠಾಣೆಯೂ ಕೈತಪ್ಪಿತು. 1948ರ ಫೆಬ್ರವರಿ 6ರಂದು ನೌಶೇರಾದ ಮೇಲೆ ನಡೆದ ಭಾರೀ ಆಕ್ರಮಣವನ್ನು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ನೇತೃತ್ವದ ಪಡೆಗಳು ಹಿಮ್ಮೆಟ್ಟಿಸಿದವು. ಮಾರ್ಚ್ 18ರಂದು ಝಂಗರ್ ಮರಳಿ ಭಾರತದ ವಶವಾಯಿತು. ಇದಾದ ನಂತರ ಸೇನೆಯ ಮುಂದಿದ್ದ ಗುರಿ ರಜೌರಿ. ಅಲ್ಲಿ ಸಿಕ್ಕಿಬಿದ್ದಿದ್ದ ನಾಗರಿಕರನ್ನು ರಕ್ಷಿಸುವುದು ಕಾರ್ಯಾಚರಣೆಯ ಉದ್ದೇಶಗಳಲ್ಲಿ ಮುಖ್ಯವಾದುದಾಗಿತ್ತು. ಆದ್ದರಿಂದ ದಾರಿಯಲ್ಲಿ ಕಳೆಯುವ ಪ್ರತಿ ದಿನವೂ ಬೆಲೆಯುಳ್ಳದ್ದಾಗಿತ್ತು.

ನೌಶೇರಾ–ರಜೌರಿ ಮಾರ್ಗ

ನೌಶೇರಾದಿಂದ ರಜೌರಿಗೆ ಹೋಗುವ ದಾರಿಯು ಕಡಿದಾದ ಬೆಟ್ಟಗಳ ನಡುವೆ ಹಾವಿನಂತೆ ಸುತ್ತಿಕೊಂಡು ಸಾಗುತ್ತದೆ. ಒಂದು ಪಕ್ಕದಲ್ಲಿ ಬೆಟ್ಟದ ಇಳಿಜಾರು, ಇನ್ನೊಂದು ಪಕ್ಕದಲ್ಲಿ ಕಣಿವೆ. ಮಧ್ಯದಲ್ಲಿರುವ ಚಿಂಗಸ್ ಎಂಬ ಸ್ಥಳವು ಮೊಗಲರ ಕಾಲದ ಛತ್ರಕ್ಕೆ ಪ್ರಸಿದ್ಧವಾದುದು. ಇಂತಹ ರಸ್ತೆಯಲ್ಲಿ ಒಂದು ಮೋರಿಯನ್ನು ಒಡೆದರೂ, ನಾಲ್ಕು ಮರಗಳನ್ನು ಅಡ್ಡ ಕೆಡವಿದರೂ ವಾಹನಗಳು ಮುಂದೆ ಸಾಗುವಂತಿಲ್ಲ. ಶತ್ರುಗಳು ಮಾಡಿದ್ದು ಇದನ್ನೇ. ದಾರಿಯುದ್ದಕ್ಕೂ ಪೈನ್ ಮರಗಳನ್ನು ಕಡಿದು ಕೆಡವಿದ್ದರು, ಮೋರಿಗಳನ್ನು ಸಿಡಿಸಿದ್ದರು, ರಸ್ತೆಯ ಅಂಚುಗಳನ್ನು ಕುಸಿಯುವಂತೆ ಮಾಡಿದ್ದರು, ನೆಲಬಾಂಬುಗಳನ್ನು ಹೂತಿದ್ದರು. ಇವುಗಳನ್ನು ತೆಗೆಯಲು ಬಂದವರ ಮೇಲೆ ಗುಂಡು ಹಾರಿಸಲು ಎತ್ತರದ ಜಾಗಗಳಲ್ಲಿ ಮೆಷಿನ್‌ಗನ್‌ಗಳನ್ನು ಇರಿಸಿದ್ದರು.

ಮುನ್ನಡೆಯುವ ಪಡೆಯಲ್ಲಿ ಡೋಗ್ರಾ ರೆಜಿಮೆಂಟಿನ 4ನೇ ಬೆಟಾಲಿಯನ್ ಹಾಗೂ ಸೆಂಟ್ರಲ್ ಇಂಡಿಯಾ ಹಾರ್ಸ್‌ನ ಸ್ಟುವರ್ಟ್ ಟ್ಯಾಂಕುಗಳು ಇದ್ದವು. ನೆಲಬಾಂಬು ಮತ್ತು ರಸ್ತೆತಡೆಗಳನ್ನು ತೆರವುಗೊಳಿಸುವ ತಂಡಕ್ಕೆ 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ಸೆಕೆಂಡ್ ಲೆಫ್ಟಿನೆಂಟ್ ರಾಣೆ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಆಗ ಅವರಿಗೆ 29 ವರ್ಷ ವಯಸ್ಸು. ಅಧಿಕಾರಿಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ.

1948ರ ಏಪ್ರಿಲ್ 8

ಬೆಳಗ್ಗೆ 11 ಗಂಟೆಯ ವೇಳೆಗೆ ರಸ್ತೆಯ 26ನೇ ಮೈಲಿಯ ಪ್ರದೇಶದಲ್ಲಿ, ನಾದಪುರ ದಕ್ಷಿಣ ಎಂಬಲ್ಲಿ, ರಾಣೆ ಅವರ ತಂಡವು ಕೆಲಸ ಆರಂಭಿಸಲು ಟ್ಯಾಂಕುಗಳ ಬಳಿ ಕಾಯುತ್ತಿತ್ತು. ಅಷ್ಟರಲ್ಲಿ ಶತ್ರುಗಳು ಆ ಜಾಗದ ಮೇಲೆ ತೀವ್ರವಾಗಿ ಮಾರ್ಟರ್ ದಾಳಿ ನಡೆಸಿದರು. ತಂಡದ ಇಬ್ಬರು ಸ್ಥಳದಲ್ಲಿಯೇ ವೀರಮರಣವನ್ನಪ್ಪಿದರು. ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆ ಅವರೂ ಒಬ್ಬರು. ಕೆಲಸವೇ ಆರಂಭವಾಗುವ ಮೊದಲು ಒಂದು ಸಣ್ಣ ತಂಡಕ್ಕೆ ಒದಗಿದ ಈ ನಷ್ಟವು ಕಾರ್ಯವನ್ನು ಮುಂದೂಡಲು ಸಾಕಾದ ಕಾರಣವಾಗಿತ್ತು. ಆದರೆ ರಾಣೆ ಅವರು ಉಳಿದವರನ್ನು ಕೂಡಲೇ ಒಟ್ಟುಗೂಡಿಸಿ, ಟ್ಯಾಂಕುಗಳು ತಮ್ಮ ನಿಗದಿತ ಜಾಗಕ್ಕೆ ಸಾಗುವಂತೆ ಕೆಲಸ ಆರಂಭಿಸಿದರು.

ಅದೇ ದಿನ ಡೋಗ್ರಾ ಬೆಟಾಲಿಯನ್ ನೌಶೇರಾದ ಉತ್ತರಕ್ಕೆ ಸುಮಾರು 11 ಕಿಲೋಮೀಟರ್ ದೂರದಲ್ಲಿದ್ದ ಬರವಾಲಿ ದಿಣ್ಣೆಯನ್ನು ವಶಪಡಿಸಿಕೊಂಡಿತು. ಆಗ ಸಂಜೆ ಸುಮಾರು 4.30. ಶತ್ರುಗಳು ಆ ಪ್ರದೇಶದಿಂದ ಪೂರ್ಣವಾಗಿ ತೆರಳಿಲ್ಲವೆಂದು ತಿಳಿದಿದ್ದರೂ ರಾಣೆ ಅವರು ತಂಡವನ್ನು ಮುಂದಕ್ಕೆ ಕರೆದೊಯ್ದು, ಟ್ಯಾಂಕುಗಳಿಗಾಗಿ ಬಳಸುದಾರಿಯ ನಿರ್ಮಾಣಕ್ಕೆ ತೊಡಗಿದರು. ಮೆಷಿನ್‌ಗನ್ ಗುಂಡುಗಳ ನಡುವೆ, ಶತ್ರುವಿನ ಕಣ್ಣಿಗೆ ಕಾಣುವಂತಹ ಜಾಗದಲ್ಲಿ, ರಾತ್ರಿ 10 ಗಂಟೆಯವರೆಗೆ ಕೆಲಸ ನಡೆಯಿತು.

ಏಪ್ರಿಲ್ 9

ಬೆಳಗ್ಗೆ 6 ಗಂಟೆಗೆ ಕೆಲಸ ಮತ್ತೆ ಆರಂಭವಾಯಿತು. ಮಧ್ಯಾಹ್ನ 3 ಗಂಟೆಗೆ ಬಳಸುದಾರಿ ಸಿದ್ಧವಾಯಿತು. ಟ್ಯಾಂಕುಗಳು ಹೊರಟಾಗ ರಾಣೆ ಅವರು ಎಲ್ಲಕ್ಕಿಂತ ಮುಂದಿದ್ದ ಕ್ಯಾರಿಯರ್ ವಾಹನವನ್ನೇರಿದರು. ಅರ್ಧ ಮೈಲಿ ಸಾಗುವಷ್ಟರಲ್ಲಿ ಪೈನ್ ಮರಗಳ ಅಡ್ಡಗಟ್ಟೆ ಎದುರಾಯಿತು. ಅವರು ವಾಹನದಿಂದಿಳಿದು ಮರಗಳನ್ನು ಸ್ಫೋಟಕಗಳಿಂದ ಸಿಡಿಸಿ ದಾರಿ ಮಾಡಿದರು. ಮತ್ತೆ 300 ಗಜ ಸಾಗಿದಾಗ ಅಂತಹುದೇ ಇನ್ನೊಂದು ಅಡ್ಡಗಟ್ಟೆ. ಅದನ್ನೂ ತೆಗೆಯಲಾಯಿತು. ಸಂಜೆ 5 ಗಂಟೆಯ ವೇಳೆಗೆ ಶತ್ರುಗಳು ಒಡೆದುಹಾಕಿದ್ದ ಮೋರಿಯೊಂದು ಎದುರಾಯಿತು. ಕೆಲಸ ಆರಂಭಿಸುವ ಮೊದಲೇ ಮೆಷಿನ್‌ಗನ್‌ಗಳು ಗುಂಡಿನ ಮಳೆಗರೆದವು. ಆದರೂ ಪಕ್ಕದಲ್ಲಿ ಬಳಸುದಾರಿಯನ್ನು ಮಾಡಿ ಪಡೆಯನ್ನು ಮುಂದಕ್ಕೆ ಸಾಗಿಸಲಾಯಿತು.

ಸಂಜೆ 6.15ರ ಸುಮಾರಿಗೆ, ಬೆಳಕು ಕುಂದುತ್ತಿದ್ದಾಗ, ಐದು ದೊಡ್ಡ ಪೈನ್ ಮರಗಳ ತಡೆಯೊಂದು ಎದುರಾಯಿತು. ಅದರ ಸುತ್ತಲೂ ನೆಲಬಾಂಬುಗಳಿದ್ದವು. ಅದರ ಮೇಲೆ ಮೆಷಿನ್‌ಗನ್‌ಗಳ ಗುರಿಯಿತ್ತು. ರಾಣೆ ಅವರು ನೆಲಬಾಂಬುಗಳನ್ನು ತೆಗೆಯಲು ಆರಂಭಿಸಿಯೇ ಬಿಟ್ಟರು. ಪರಿಸ್ಥಿತಿಯನ್ನು ಮನಗಂಡ ಟ್ಯಾಂಕ್ ಪಡೆಯ ಅಧಿಕಾರಿಯು ಪಡೆಯನ್ನು ಅಂದಿನ ರಾತ್ರಿಗೆ ಸುರಕ್ಷಿತ ಜಾಗದಲ್ಲಿ ತಂಗಿಸಿದರು.

ಏಪ್ರಿಲ್ 10

ನಸುಕಿನ 4.45ಕ್ಕೆ, ಒಂದು ಟ್ಯಾಂಕ್ ತುಕಡಿಯ ಬೆಂಬಲದೊಂದಿಗೆ, ರಾಣೆ ಅವರು ಅದೇ ತಡೆಯ ಬಳಿಗೆ ಹಿಂದಿರುಗಿದರು. ಗುಂಡಿನ ದಾಳಿಯ ನಡುವೆಯೇ 6.30ರೊಳಗೆ ಅದನ್ನು ತೆರವುಗೊಳಿಸಿದರು. ಅದರಾಚೆಗಿನ 1,000 ಗಜಗಳ ದಾರಿಯು ಸಾಲು ಸಾಲು ತಡೆಗಳಿಂದಲೂ ಕುಸಿದ ಅಂಚುಗಳಿಂದಲೂ ತುಂಬಿತ್ತು. ಇಡೀ ಪ್ರದೇಶವು ಶತ್ರುವಿನ ಮೆಷಿನ್‌ಗನ್ ವ್ಯಾಪ್ತಿಯಲ್ಲಿತ್ತು. ಗಾಯಗೊಂಡಿದ್ದರೂ ರಾಣೆ ಅವರು ಬೆಳಗ್ಗೆ 10.30ರ ಹೊತ್ತಿಗೆ ಈ ಭಾಗವನ್ನು ಪೂರ್ಣವಾಗಿ ಸಂಚಾರಯೋಗ್ಯಗೊಳಿಸಿದರು.

ಟ್ಯಾಂಕುಗಳು ಅಲ್ಲಿಂದ ರಸ್ತೆಯನ್ನು ಬಿಟ್ಟು ತಾವಿ ನದಿಯ ಪಾತ್ರಕ್ಕಿಳಿದು, ಮಧ್ಯಾಹ್ನ 2 ಗಂಟೆಗೆ ಚಿಂಗಸ್ ತಲುಪಿದವು. ಟ್ಯಾಂಕುಗಳಿಗೆ ದಾರಿಯಾದ ಮೇಲೆ ತಮ್ಮ ಕೆಲಸ ಮುಗಿಯಿತೆಂದು ರಾಣೆ ಅವರು ಭಾವಿಸಲಿಲ್ಲ. ಟ್ಯಾಂಕು ನದಿಯ ಪಾತ್ರದಲ್ಲಿ ಸಾಗಬಲ್ಲದು. ಆದರೆ ಆಹಾರ, ಮದ್ದುಗುಂಡು, ಇಂಧನ ಮತ್ತು ಔಷಧಗಳನ್ನು ತರುವ ಲಾರಿಗಳಿಗೆ ರಸ್ತೆಯೇ ಬೇಕು. ಹಿಂದಿನಿಂದ ಸರಬರಾಜು ಬಾರದಿದ್ದರೆ ಮುಂದೆ ಹೋದ ಪಡೆಯು ಹೆಚ್ಚು ಕಾಲ ನಿಲ್ಲಲಾರದು. ಈ ಕಾರಣದಿಂದ ಅವರು ಊಟ ಮತ್ತು ವಿಶ್ರಾಂತಿಯಿಲ್ಲದೆ ರಾತ್ರಿ 9 ಗಂಟೆಯವರೆಗೂ ರಸ್ತೆಯ ಕೆಲಸವನ್ನು ಮುಂದುವರಿಸಿದರು.

ಏಪ್ರಿಲ್ 11

ಬೆಳಗ್ಗೆ 6 ಗಂಟೆಗೆ ಪುನಃ ಕೆಲಸ ಆರಂಭಿಸಿ 11 ಗಂಟೆಗೆ ಚಿಂಗಸ್‌ವರೆಗಿನ ರಸ್ತೆಯನ್ನು ಸಂಚಾರಕ್ಕೆ ಮುಕ್ತಗೊಳಿಸಿದರು. ಅಲ್ಲಿಂದ ಮುಂದಿನ ರಸ್ತೆಯನ್ನು ತೆರವುಗೊಳಿಸುವ ಕೆಲಸದಲ್ಲಿ ರಾತ್ರಿ 10 ಗಂಟೆಯವರೆಗೆ ನಿರತರಾಗಿದ್ದರು.

ಈ ದಿನಗಳ ಒಂದು ಪ್ರಸಂಗವನ್ನು ಸೇನೆಯ ವೃತ್ತಾಂತಗಳು ವಿಶೇಷವಾಗಿ ಸ್ಮರಿಸುತ್ತವೆ. ನೆಲಬಾಂಬುಗಳಿದ್ದ ಜಾಗವನ್ನು ಗುಂಡಿನ ದಾಳಿಯ ನಡುವೆ ದಾಟಬೇಕಾಗಿ ಬಂದಾಗ, ರಾಣೆ ಅವರು ಮುಂದಿನ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ ಅದರೊಂದಿಗೇ ಮುಂದೆ ಸಾಗಿದರು. ಟ್ಯಾಂಕಿನ ಚಾಲಕನಿಗೆ ಸಂಜ್ಞೆ ನೀಡಲು ಎರಡು ಹಗ್ಗಗಳನ್ನು ಬಳಸಿದರು. ಒಂದು ನಿಲ್ಲಿಸಲು, ಇನ್ನೊಂದು ಮುಂದೆ ಸಾಗಲು. ಟ್ಯಾಂಕಿನ ಉಕ್ಕಿನ ಮೈಯೇ ಗುಂಡುಗಳಿಂದ ರಕ್ಷಣೆಯಾಯಿತು. ಆದರೆ ಚಾಲಕನ ಒಂದು ಸಣ್ಣ ತಪ್ಪು ಅಥವಾ ಕಣ್ಣಿಗೆ ಬೀಳದ ಒಂದು ನೆಲಬಾಂಬು ಅವರ ಪ್ರಾಣಕ್ಕೆ ಎರವಾಗುತ್ತಿತ್ತು.

ನಾಲ್ಕು ದಿನಗಳ ಕೆಲಸದ ವೇಳೆ

ಪದಕದ ಅಧಿಕೃತ ವಿವರಣೆಯಲ್ಲಿ ನೀಡಲಾದ ವೇಳೆಯನ್ನು ಒಟ್ಟುಗೂಡಿಸಿದರೆ ರಾಣೆ ಅವರ ಸೇವೆಯ ಸ್ವರೂಪವು ಸ್ಪಷ್ಟವಾಗುತ್ತದೆ.

ಏಪ್ರಿಲ್ 8: ಬೆಳಗ್ಗೆ 11ರಿಂದ ರಾತ್ರಿ 10 – 11 ಗಂಟೆ
ಏಪ್ರಿಲ್ 9: ಬೆಳಗ್ಗೆ 6ರಿಂದ ಸಂಜೆ 6.15 – 12 ಗಂಟೆ 15 ನಿಮಿಷ
ಏಪ್ರಿಲ್ 10: ನಸುಕಿನ 4.45ರಿಂದ ರಾತ್ರಿ 9 – 16 ಗಂಟೆ 15 ನಿಮಿಷ
ಏಪ್ರಿಲ್ 11: ಬೆಳಗ್ಗೆ 6ರಿಂದ ರಾತ್ರಿ 10 – 16 ಗಂಟೆ

ಹೀಗೆ 83 ಗಂಟೆಗಳ ಅವಧಿಯಲ್ಲಿ ಸುಮಾರು 55 ಗಂಟೆಗಳನ್ನು ಗಾಯಗೊಂಡ ಅಧಿಕಾರಿಯೊಬ್ಬರು ರಸ್ತೆಯ ಮೇಲೆಯೇ ಕಳೆದರು. ಯುದ್ಧದಲ್ಲಿ ಶೌರ್ಯವೆಂದರೆ ಕ್ಷಣಾರ್ಧದ ಆವೇಶದಲ್ಲಿ ಪ್ರಕಟವಾಗುವ ಗುಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ರಾಣೆ ಅವರ ಶೌರ್ಯವು ಬೇರೆ ಬಗೆಯದು. ಪ್ರತಿ ರಾತ್ರಿಯೂ ಅಪಾಯವೇನೆಂಬುದನ್ನು ಯೋಚಿಸಲು ಅವರಿಗೆ ಸಮಯವಿತ್ತು. ಪ್ರತಿ ಬೆಳಗ್ಗೆಯೂ ಅವರು ತಿಳಿದೂ ತಿಳಿದೂ ಅದೇ ಅಪಾಯದ ಜಾಗಕ್ಕೆ ಹಿಂದಿರುಗಿದರು.

ರಜೌರಿಯ ವಿಮೋಚನೆ

1948ರ ಏಪ್ರಿಲ್ 12ರಂದು ಭಾರತೀಯ ಸೇನೆಯು ರಜೌರಿಯನ್ನು ಪ್ರವೇಶಿಸಿತು. ಐದು ತಿಂಗಳ ಕಾಲ ಶತ್ರುಗಳ ವಶದಲ್ಲಿದ್ದ ಪಟ್ಟಣದಲ್ಲಿ ಸೇನೆಯು ಕಂಡದ್ದು ಸುಟ್ಟುಹೋದ ಮನೆಗಳನ್ನು ಮತ್ತು ಹತರಾದವರ ಗುರುತುಗಳನ್ನು. ಆದರೆ ಚಿಂಗಸ್ ಮತ್ತು ರಜೌರಿ ಪ್ರದೇಶದ ಅನೇಕ ನಾಗರಿಕರ ಪ್ರಾಣವನ್ನು ಉಳಿಸುವುದು ಸಾಧ್ಯವಾಯಿತು. ರಸ್ತೆಯು ಇನ್ನೂ ಕೆಲವು ದಿನ ಮುಚ್ಚಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಈ ದೃಷ್ಟಿಯಿಂದ ರಾಣೆ ಅವರ ತಂಡವು ತೆರೆದ ದಾರಿಯು ಸೇನೆಯ ವಿಜಯದಷ್ಟೇ ಜನಸಾಮಾನ್ಯರ ರಕ್ಷಣೆಗೂ ಕಾರಣವಾಯಿತು. ಏಪ್ರಿಲ್ 8ರಂದು ಪ್ರಾಣವನ್ನರ್ಪಿಸಿದ ಇಬ್ಬರು ಸೈನಿಕರ ಹಾಗೂ ಅವರೊಂದಿಗೆ ದುಡಿದ ಎಲ್ಲ ಸ್ಯಾಪರ್‌ಗಳ ಪಾಲು ಈ ಸಾಧನೆಯಲ್ಲಿ ಇದೆಯೆಂಬುದನ್ನು ಸ್ಮರಿಸಬೇಕು.

ಪರಮವೀರ ಚಕ್ರ

ಪರಮವೀರ ಚಕ್ರವನ್ನು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಗುವಂತೆ, ಸ್ಥಾಪಿಸಲಾಯಿತು. ಕಂಚಿನ ಈ ಪದಕದ ಮೇಲೆ ಇಂದ್ರನ ವಜ್ರಾಯುಧದ ನಾಲ್ಕು ಪ್ರತಿಕೃತಿಗಳೂ ಮಧ್ಯದಲ್ಲಿ ರಾಷ್ಟ್ರಲಾಂಛನವೂ ಇವೆ. ಇದರ ವಿನ್ಯಾಸವನ್ನು ರೂಪಿಸಿದವರು ಶ್ರೀಮತಿ ಸಾವಿತ್ರಿ ಖಾನೋಲ್ಕರ್ ಅವರು.

ರಾಣೆ ಅವರ ಪದಕವನ್ನು 1950ರ ಜೂನ್ 21ರಂದು ಅಧಿಕೃತವಾಗಿ ಪ್ರಕಟಿಸಲಾಯಿತು. 1947–48ರ ಯುದ್ಧಕ್ಕಾಗಿ ಒಟ್ಟು ಐವರಿಗೆ ಪರಮವೀರ ಚಕ್ರ ಸಂದಿತು. ಮೇಜರ್ ಸೋಮನಾಥ ಶರ್ಮಾ, ನಾಯಕ್ ಜದುನಾಥ ಸಿಂಗ್ ಮತ್ತು ಕಂಪನಿ ಹವಾಲ್ದಾರ್ ಮೇಜರ್ ಪೀರು ಸಿಂಗ್ ಅವರಿಗೆ ಇದು ಮರಣೋತ್ತರವಾಗಿ ದೊರೆಯಿತು. ಬದುಕಿದ್ದು ಪದಕ ಧರಿಸಿದವರು ರಾಣೆ ಮತ್ತು ಲಾನ್ಸ್ ನಾಯಕ್ ಕರಮ್ ಸಿಂಗ್ ಅವರು ಮಾತ್ರ. 1999ರ ಕಾರ್ಗಿಲ್ ಯುದ್ಧದವರೆಗೆ ಈ ಪದಕವನ್ನು ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಇದು ಮರಣೋತ್ತರವಾಗಿ ಸಂದಿದೆ.

ನಂತರದ ಸೇವೆ ಮತ್ತು ನಿಧನ

ಯುದ್ಧದ ನಂತರವೂ ರಾಣೆ ಅವರು ಸೇನೆಯಲ್ಲಿ ಸೇವೆಯನ್ನು ಮುಂದುವರಿಸಿ ಮೇಜರ್ ಹುದ್ದೆಗೆ ಏರಿದರು. 28 ವರ್ಷಗಳ ಸೇವಾವಧಿಯಲ್ಲಿ ಅವರ ಹೆಸರು ಐದು ಬಾರಿ ಸೇನಾ ವರದಿಗಳಲ್ಲಿ ಪ್ರಶಂಸಾಪೂರ್ವಕವಾಗಿ ಉಲ್ಲೇಖಗೊಂಡಿತು. 1994ರ ಜುಲೈ 11ರಂದು, 76ನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ಅವರು ನಿಧನರಾದರು.

ಸ್ಮಾರಕಗಳು

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, ಅವರ ಪ್ರತಿಮೆಯನ್ನು 2006ರ ನವೆಂಬರ್ 7ರಂದು ಅನಾವರಣಗೊಳಿಸಲಾಯಿತು. ಭಾರತೀಯ ನೌಕಾಯಾನ ನಿಗಮವು 1980ರ ದಶಕದಲ್ಲಿ ತನ್ನ ಕಚ್ಚಾತೈಲ ಸಾಗಣೆ ಹಡಗುಗಳಿಗೆ ಪರಮವೀರ ಚಕ್ರ ಪುರಸ್ಕೃತರ ಹೆಸರುಗಳನ್ನಿರಿಸಿದಾಗ ಒಂದು ಹಡಗಿಗೆ ರಾಣೆ ಅವರ ಹೆಸರನ್ನು ಇಡಲಾಗಿತ್ತು. 2023ರ ಜನವರಿ 23ರಂದು ಅಂಡಮಾನ್ ಮತ್ತು ನಿಕೋಬಾರ್ ಸಮೂಹದ 21 ದ್ವೀಪಗಳಿಗೆ ಪರಮವೀರ ಚಕ್ರ ಪುರಸ್ಕೃತರ ಹೆಸರುಗಳನ್ನು ನೀಡಲಾಯಿತು. ಅವುಗಳಲ್ಲಿ ಒಂದು ರಾಣೆ ದ್ವೀಪ. ಕಾರವಾರಕ್ಕೆ ಬರುವ ಪ್ರವಾಸಿಗರು ಹಾಗೂ ಶಾಲಾ ಮಕ್ಕಳು ಕಡಲತೀರದ ಪ್ರತಿಮೆಯನ್ನು ವೀಕ್ಷಿಸಿ ಈ ವೀರಯೋಧರಿಗೆ ಗೌರವ ಸಲ್ಲಿಸಬಹುದಾಗಿದೆ.

ಮುಖ್ಯ ದಿನಾಂಕಗಳು

26 ಜೂನ್ 1918 – ಜನನ
10 ಜುಲೈ 1940 – ಬಾಂಬೆ ಎಂಜಿನಿಯರ್ಸ್ ಪಡೆಗೆ ಸೇರ್ಪಡೆ
1943 – ಅರಾಕಾನ್ ಹಿಮ್ಮೆಟ್ಟುವಿಕೆಯ ಸಂದರ್ಭದಲ್ಲಿ ಬುತಿಡಾಂಗ್ ಕಾರ್ಯಾಚರಣೆ
15 ಡಿಸೆಂಬರ್ 1947 – ಸೆಕೆಂಡ್ ಲೆಫ್ಟಿನೆಂಟ್ ಆಗಿ ನೇಮಕ
8–11 ಏಪ್ರಿಲ್ 1948 – ನೌಶೇರಾ–ರಜೌರಿ ರಸ್ತೆ ತೆರವು ಕಾರ್ಯ
12 ಏಪ್ರಿಲ್ 1948 – ರಜೌರಿಯ ವಿಮೋಚನೆ
21 ಜೂನ್ 1950 – ಪರಮವೀರ ಚಕ್ರದ ಪ್ರಕಟಣೆ
11 ಜುಲೈ 1994 – ಪುಣೆಯಲ್ಲಿ ನಿಧನ
7 ನವೆಂಬರ್ 2006 – ಕಾರವಾರದಲ್ಲಿ ಪ್ರತಿಮೆಯ ಅನಾವರಣ